ಬ್ರೆಡ್ ಪೊಟ್ಟಣದ ಹಿಂದಿನ ನಂಬರುಗಳು

ಮಕ್ಕಳೇ, ಅಂಗಡಿಯಿಂದ ತಂದ ಬ್ರೆಡ್ ಪೊಟ್ಟಣವನ್ನು ಒಮ್ಮೆ ತಿರುಗಿಸಿ ನೋಡಿ. ಹಿಂದೆ ಸಣ್ಣ ಅಕ್ಷರಗಳಲ್ಲಿ ಮೈದಾ, ನೀರು, ಸಕ್ಕರೆ, ಯೀಸ್ಟ್, ಉಪ್ಪು ಎಂದೆಲ್ಲ ಬರೆದಿರುತ್ತದೆ. ಅವುಗಳ ಜೊತೆಗೆ 282, 471 ಎಂಬಂಥ ನಂಬರುಗಳೂ ಇರುತ್ತವೆ. ಅವು ಬ್ರೆಡ್ಡಿಗೆ ಬೆರೆಸಿದ ವಸ್ತುಗಳ ಗುರುತು. ಒಂದೊಂದಕ್ಕೂ ಒಂದೊಂದು ಕೆಲಸ.

282 ಎಂದರೆ ಕ್ಯಾಲ್ಸಿಯಂ ಪ್ರೊಪಿಯೊನೇಟ್. ಅದರ ಕೆಲಸ ತಿಳಿಯಲು ವಿಶಾಖಪಟ್ಟಣಕ್ಕೆ ಹೋಗೋಣ. ಬಂಗಾಳ ಕೊಲ್ಲಿಯ ದಡದ ಆ ಊರಿನಲ್ಲಿ ಸೆಕೆಯೂ ಹೆಚ್ಚು, ಗಾಳಿಯಲ್ಲಿ ತೇವವೂ ಹೆಚ್ಚು. ಬೂಷ್ಟಿಗೆ ಇವೆರಡೂ ಬಲು ಇಷ್ಟ. ಗಾಳಿಯಲ್ಲಿ ತೇಲಿಬಂದ ಅದರ ಬೀಜಕಣ ಬ್ರೆಡ್ ಮೇಲೆ ಕುಳಿತರೆ ಮೊದಲು ಬಿಳಿ ಎಳೆಗಳು ಹರಡುತ್ತವೆ, ಆಮೇಲೆ ಹಸಿರು ಪುಡಿ ಕಾಣುತ್ತದೆ. ಈ ಬೆಳವಣಿಗೆಯನ್ನು 282 ತಡಮಾಡುತ್ತದೆ. ಆದ್ದರಿಂದಲೇ ಕಾರ್ಖಾನೆಯ ಬ್ರೆಡ್ ದೂರದ ಅಂಗಡಿಗೆ ಹೋದರೂ ಕೆಲವು ದಿನ ಕೆಡುವುದಿಲ್ಲ.

ಈಗ 471ರ ಕೆಲಸ ತಿಳಿಯಲು ವಿಜಯವಾಡಕ್ಕೆ ಬನ್ನಿ. ನಮ್ಮ ಆಲಮಟ್ಟಿ ದಾಟಿದ ಕೃಷ್ಣೆ ಅಲ್ಲಿಗೂ ಹರಿದು ಹೋಗುತ್ತಾಳೆ. ಮೇ ತಿಂಗಳಲ್ಲಿ ಅಲ್ಲಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಕೆಡದಿರಲೆಂದು ಬ್ರೆಡ್ಡನ್ನು ಫ್ರಿಜ್ಜಿನಲ್ಲಿಟ್ಟರೆ ಬೂಷ್ಟೇನೋ ತಡವಾಗುತ್ತದೆ, ಆದರೆ ಬ್ರೆಡ್ ಬೇಗ ಬಿರುಸಾಗುತ್ತದೆ! ಬೇಯುವಾಗ ನೀರು ಹೀರಿ ಸಡಿಲವಾಗಿದ್ದ ಪಿಷ್ಟದ ಅಣುಗಳು ತಂಪಿನಲ್ಲಿ ಮತ್ತೆ ಒತ್ತೊತ್ತಾಗಿ ಜೋಡಿಕೊಳ್ಳುವುದೇ ಇದಕ್ಕೆ ಕಾರಣ. ಎಣ್ಣೆ, ಕೊಬ್ಬಿನಿಂದ ತಯಾರಿಸುವ 471 ಆ ಜೋಡಣೆಗೆ ಅಡ್ಡ ಬಂದು ಬ್ರೆಡ್ಡನ್ನು ಮೆತ್ತಗಿಡುತ್ತದೆ. ಬಿರುಸಾದ ತುಂಡನ್ನು ಅಮ್ಮನ ಜೊತೆ ಕಾವಲಿಯ ಮೇಲೆ ಬೆಚ್ಚಗೆ ಮಾಡಿ ನೋಡಿ. ಬಿಸಿಗೆ ಪಿಷ್ಟ ಸಡಿಲಗೊಂಡು ಒಳಭಾಗ ಮತ್ತೆ ಮೆತ್ತಗಾಗುತ್ತದೆ.

ಇಂಥ ವಸ್ತುಗಳನ್ನು ಮಿತಿಯೊಳಗೆ ಬಳಸಲು ಸರ್ಕಾರದ ಒಪ್ಪಿಗೆಯಿದೆ. ವಿಜ್ಞಾನಿಗಳು ಪರೀಕ್ಷೆಯನ್ನೂ ನಡೆಸುತ್ತಲೇ ಇರುತ್ತಾರೆ. ಹಿಟ್ಟು ಚೆನ್ನಾಗಿ ಉಬ್ಬಲೆಂದು ಹಾಕುತ್ತಿದ್ದ ಪೊಟ್ಯಾಸಿಯಂ ಬ್ರೋಮೇಟ್ ಕ್ಯಾನ್ಸರ್ ತರಬಹುದೆಂಬ ಕಾರಣಕ್ಕೆ 2016ರಲ್ಲಿ ಭಾರತ ಅದನ್ನು ನಿಷೇಧಿಸಿತು.

ಈ ಬ್ರೆಡ್ಡಿನಂತೆ ಅಡುಗೆಮನೆಯಲ್ಲಿ ಸಿಗದ ವಸ್ತುಗಳನ್ನು ಬೆರೆಸಿ ಕಾರ್ಖಾನೆಯಲ್ಲಿ ಮಾಡುವ ತಿನಿಸಿಗೆ ಅತಿ ಸಂಸ್ಕರಿತ ಆಹಾರ ಎನ್ನುತ್ತಾರೆ. 2019ರಲ್ಲಿ ಅಮೆರಿಕದ ವಿಜ್ಞಾನಿಗಳು 20 ಜನರಿಗೆ ಎರಡು ವಾರ ಅಂಥ ಊಟ, ಎರಡು ವಾರ ಸಾದಾ ಊಟ ಕೊಟ್ಟರು. ಅತಿ ಸಂಸ್ಕರಿತ ಊಟವಿದ್ದಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕವೂ ಏರಿತು.

ಹಾಗೆಂದು ಬ್ರೆಡ್ಡಿಗೆ ಹೆದರಬೇಕಿಲ್ಲ, ಆರಿಸಿ ಕೊಂಡರೆ ಸಾಕು. ಯಾವುದರ ತೂಕ ಹೆಚ್ಚೋ ಅದರ ಹೆಸರು ಪಟ್ಟಿಯಲ್ಲಿ ಮೊದಲು ಬರುತ್ತದೆ. ಕಂದು ಬ್ರೆಡ್ಡಿನಲ್ಲಿ ಮೊದಲು ಮೈದಾ, ಕೊನೆಗೆ 150 ಎಂದಿದ್ದರೆ ಆ ಬಣ್ಣ ಕ್ಯಾರಮೆಲ್‌ನದು. ಮೊದಲ ಹೆಸರು ಇಡೀ ಗೋಧಿಹಿಟ್ಟು ಆಗಿರುವುದನ್ನೇ ಕೊಳ್ಳಿ. ಬ್ರೆಡ್ ಅಪರೂಪಕ್ಕಿರಲಿ, ದಿನದ ತಿಂಡಿಗೆ ಮನೆಯ ಚಪಾತಿ, ರಾಗಿರೊಟ್ಟಿ, ಇಡ್ಲಿ ಇದ್ದೇ ಇವೆ.