ಮಾತ್ರೆ ಅದೇ, ಹರಳು ಬೇರೆ!

ಇವತ್ತು ರಾಜಕೀಯ ಬೇಡ. ನಿಮ್ಮ ಮನೆಯ ಔಷಧದ ಡಬ್ಬಿಯ ವಿಷಯ ಮಾತಾಡೋಣ.

ಮೊದಲಿಗೆ ಒಂದು ಪ್ರಶ್ನೆ. ಮಾತ್ರೆಯಲ್ಲಿ ಇರಬೇಕಾದ ಔಷಧವೇ ಇದೆ. ತೂಕ ಸರಿಯಿದೆ. ಕಲಬೆರಕೆ ಇಲ್ಲ, ಎಕ್ಸ್‌ಪೈರಿ ಡೇಟೂ ದಾಟಿಲ್ಲ. ಆದರೂ ಅದು ಸರಿಯಾಗಿ ಕೆಲಸ ಮಾಡದೇ ಇರೋಕೆ ಸಾಧ್ಯವೇ?

ಸಾಧ್ಯ. ಅದಕ್ಕೆ ಕಾರಣ, ಹರಳು.

ಪೆನ್ಸಿಲ್ಲಿನ ಕಡ್ಡಿಯೂ ಇಂಗಾಲ, ವಜ್ರವೂ ಇಂಗಾಲ. ಪರಮಾಣುಗಳು ಅವೇ, ಜೋಡಣೆ ಬೇರೆ. ಅಡುಗೆಮನೆಗೇ ಬನ್ನಿ. ಕಾಯಿಸಿದ ತುಪ್ಪ ನಿಧಾನವಾಗಿ ಆರಿದರೆ ಮರಳು ಮರಳಾಗುತ್ತದೆ. ತಕ್ಷಣ ಫ್ರಿಜ್ಜಿಗಿಟ್ಟರೆ ನುಣ್ಣಗೆ ಗಟ್ಟಿಯಾಗುತ್ತದೆ. ತುಪ್ಪದಲ್ಲಾದರೆ ಇದು ರುಚಿಯ ವಿಷಯ. ಔಷಧದಲ್ಲಿ? ಒಂದು ಬಗೆಯ ಹರಳು ಹೊಟ್ಟೆಯಲ್ಲಿ ಬೇಗ ಕರಗುತ್ತದೆ. ಇನ್ನೊಂದು ಕರಗುವುದೇ ಇಲ್ಲ ಅನ್ನುವಷ್ಟು ಹಟ ಮಾಡುತ್ತದೆ. ಕರಗದ ಔಷಧ ರಕ್ತಕ್ಕೆ ಸೇರುವುದಾದರೂ ಹೇಗೆ?

ಇದು ಬರೀ ಪಾಠವಲ್ಲ. ಅಮೆರಿಕದಲ್ಲಿ ನಡೆದ ಕಥೆ.

1996ನೇ ಇಸವಿ. ಏಡ್ಸ್ ಅಂದರೆ ಸಾವು ಅಂತಲೇ ಜನ ನಂಬಿದ್ದ ಕಾಲ. ಆ ವರ್ಷದ ಮಾರ್ಚ್‌ನಲ್ಲಿ ಅಬಾಟ್ ಕಂಪನಿಯ ರಿಟೊನಾವಿರ್‌ಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಹಾಸಿಗೆ ಹಿಡಿದವರು ಎದ್ದು ಓಡಾಡುವಂತೆ ಮಾಡಿದ ಹೊಸ ಔಷಧಗಳಲ್ಲಿ ಇದೂ ಒಂದು. ಪುಡಿಯಾಗಿ ಕೊಟ್ಟರೆ ಇದು ಮೈಗೆ ಹತ್ತುತ್ತಿರಲಿಲ್ಲ. ಹಾಗಾಗಿ ಕರಗಿಸಿದ ರೂಪದಲ್ಲೇ ಕ್ಯಾಪ್ಸೂಲಿಗೆ ತುಂಬುತ್ತಿದ್ದರು. ಆಗ ಗೊತ್ತಿದ್ದ ಹರಳು ಒಂದೇ ಬಗೆಯದು.

ಎರಡು ವರ್ಷ ಎಲ್ಲವೂ ಸರಿಯಿತ್ತು. 1998ರಲ್ಲಿ ಕ್ಯಾಪ್ಸೂಲುಗಳು ಕರಗುವಿಕೆ ಪರೀಕ್ಷೆಯಲ್ಲಿ ಫೇಲ್ ಆಗತೊಡಗಿದವು. ಒಳಗೆ ನೋಡಿದರೆ, ಯಾರೂ ಅಲ್ಲಿಯವರೆಗೆ ಕಾಣದ ಹೊಸ ಹರಳು! ಅಣು ಅದೇ, ಜೋಡಣೆ ಬೇರೆ. ಹಳೆಯದಕ್ಕಿಂತ ಸ್ಥಿರ, ಆದ್ದರಿಂದಲೇ ಕರಗುವುದು ತೀರಾ ಕಡಿಮೆ.

ಇಲ್ಲಿಂದ ಕಥೆ ಇನ್ನೂ ವಿಚಿತ್ರವಾಗುತ್ತದೆ. ಒಂದು ಪಾತ್ರೆ ಹಾಲಿಗೆ ಎಷ್ಟು ಹೆಪ್ಪು ಬೇಕು? ಒಂದು ಚಮಚ ಸಾಕು ಅಲ್ವಾ? ಹೆಪ್ಪಿನಲ್ಲಿ ಜೀವಾಣು ಇರುತ್ತದೆ. ಹರಳಿಗೆ ಜೀವವಿಲ್ಲ, ಆದರೆ ಚಾಳಿ ಅದೇ. ಕಣ್ಣಿಗೆ ಕಾಣದ ಒಂದು ಕಣ ಬಿದ್ದರೂ ಮಿಕ್ಕ ಔಷಧ ಅದನ್ನೇ ಅಚ್ಚು ಮಾಡಿಕೊಂಡು ಹೊಸ ರೂಪ ತಾಳುತ್ತದೆ. ಹೊಸ ಹರಳು ಕಾಲಿಟ್ಟ ಕಡೆ ಹಳೆಯದನ್ನು ತಯಾರಿಸುವುದೇ ಕಷ್ಟವಾಯಿತು. ಕಂಪನಿಯ ತಂಡವೊಂದು ಇಟಲಿಯ ಘಟಕಕ್ಕೆ ಹೋಗಿ ಬಂದ ಮೇಲೆ ಅಲ್ಲೂ ಅದು ಕಾಣಿಸಿಕೊಂಡಿತು.

ಕೊನೆಗೆ ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ತೆಗೆಯಲೇಬೇಕಾಯಿತು. ಒಂದೆರಡು ದಿನ ತಪ್ಪಿಸಿದರೂ ವೈರಸ್ ತಲೆಯೆತ್ತುವ ರೋಗ ಇದು. ರೋಗಿಗಳಿಗೆ ಉಳಿದದ್ದು ಬಾಯಿಗಿಟ್ಟರೆ ವಾಕರಿಕೆ ಬರಿಸುವ ದ್ರವರೂಪದ ಔಷಧ. ಪ್ರಾಣ ಬೇಕಲ್ಲ, ಕುಡಿದರು. 1999ರಲ್ಲಿ ಫ್ರಿಜ್ಜಿನಲ್ಲಿಡಬೇಕಾದ ಹೊಸ ಕ್ಯಾಪ್ಸೂಲ್ ಬಂತು. ಫ್ರಿಜ್ಜಿನ ಹಂಗಿಲ್ಲದ ಮಾತ್ರೆ ಬಂದದ್ದು 2010ರಲ್ಲಿ.

ಹಾಗಾದರೆ ಹರಳನ್ನು ಹಿಡಿತದಲ್ಲಿಡುವುದು ಹೇಗೆ? ಯಾವ ದ್ರಾವಕ, ಎಷ್ಟು ಬಿಸಿ, ಎಷ್ಟು ನಿಧಾನವಾಗಿ ತಣಿಸಬೇಕು, ಎಷ್ಟು ಜೋರಾಗಿ ಕಲಕಬೇಕು, ಎಲ್ಲಕ್ಕೂ ಲೆಕ್ಕವಿದೆ. ಬೇಕಾದ ಹರಳನ್ನೇ ಹೆಪ್ಪಿನ ಹಾಗೆ ಮೊದಲೇ ಹಾಕುತ್ತಾರೆ. ಹೊಸ ಔಷಧ ಮಾರುಕಟ್ಟೆಗೆ ಬರುವ ಮೊದಲೇ ಅದು ಯಾವ್ಯಾವ ರೂಪ ತಾಳಬಹುದು ಎಂದು ಹುಡುಕುತ್ತಾರೆ. ಎಕ್ಸ್-ರೇ ಹಾಯಿಸಿ ಜೋಡಣೆ ನೋಡುತ್ತಾರೆ. ಕೊನೆಗೆ ಮಾತ್ರೆ ಎಷ್ಟು ನಿಮಿಷದಲ್ಲಿ ಎಷ್ಟು ಕರಗಿತು ಎಂದು ಅಳೆಯುತ್ತಾರೆ. ಗಮನಿಸಿ, ರಿಟೊನಾವಿರ್ ಸಿಕ್ಕಿಬಿದ್ದದ್ದು ಈ ಕೊನೆಯ ಪರೀಕ್ಷೆಯಲ್ಲೇ!

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ನಮ್ಮ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ತಿಂಗಳಿಗೊಮ್ಮೆ ಗುಣಮಟ್ಟ ತಪ್ಪಿದ ಔಷಧಗಳ ಪಟ್ಟಿ ಬಿಡುಗಡೆ ಮಾಡುತ್ತದೆ. ಅದನ್ನು ನೋಡಿದ ಕೂಡಲೇ 'ನಕಲಿ ಮಾತ್ರೆ' ಅಂತ ಜನ ಬೆಚ್ಚಿಬೀಳುತ್ತಾರೆ. ಆದರೆ ಅದರಲ್ಲಿ ಕರಗುವಿಕೆ ಪರೀಕ್ಷೆಯಲ್ಲಿ ಸೋತವೂ ಇರುತ್ತವೆ. ಕರಗದಿರಲು ಹರಳೊಂದೇ ಕಾರಣವಲ್ಲ, ತಯಾರಿಕೆಯ ಬೇರೆ ಲೋಪಗಳೂ ಇರಬಹುದು. ಕಾರಣ ಯಾವುದೇ ಇರಲಿ, ರೋಗಿಯ ಪಾಲಿಗೆ ನಷ್ಟ ಒಂದೇ. ನಕಲಿ ಮಾಡಿದವನನ್ನು ಪೊಲೀಸರು ಹಿಡಿಯಬಹುದು. ಕರಗದ ಮಾತ್ರೆಯನ್ನು ಹಿಡಿಯೋರು ಯಾರು? ಪ್ರಯೋಗಾಲಯವೇ ಹಿಡಿಯಬೇಕು.

ನಿಮ್ಮ ಮನೆಯಲ್ಲೂ ಹರಳು ಬದಲಾಗಬಹುದು. ಫಿಟ್ಸ್‌ಗೆ ಕೊಡುವ ಕಾರ್ಬಮಝೆಪೈನ್ ಮಾತ್ರೆ ತೇವ ಹೀರಿದರೆ ನೀರನ್ನು ತನ್ನೊಳಗೆ ಸೇರಿಸಿಕೊಂಡು ಬೇರೆ ಹರಳಾಗುತ್ತದೆ. ಗಟ್ಟಿಯಾಗಿ, ಸರಿಯಾಗಿ ಕರಗುವುದಿಲ್ಲ. ಅದರ ಶಕ್ತಿ ಮೂರರಲ್ಲೊಂದು ಭಾಗದಷ್ಟು ಇಳಿಯಬಹುದು ಎಂಬ ಎಚ್ಚರಿಕೆ ಅಮೆರಿಕದಲ್ಲಿ ಹಿಂದೆಯೇ ಬಂದಿದೆ. ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲ ನೆನಪಿಸಿಕೊಳ್ಳಿ. ಮಾತ್ರೆಯನ್ನು ಬಚ್ಚಲುಮನೆಯ ಕಪಾಟಿನಲ್ಲೋ ಒಲೆಯ ಪಕ್ಕದಲ್ಲೋ ಇಡಬೇಡಿ. ಬೇಕಾದಾಗಲೇ ಸ್ಟ್ರಿಪ್ಪಿನಿಂದ ಬಿಡಿಸಿ.

ಮಾತ್ರೆಗೆ ಎಷ್ಟು ರೂಪಾಯಿ ಅಂತ ನಾವು ಕೇಳ್ತೀವಿ. ಕೇಳಲೇಬೇಕು. ಅದರ ಜೊತೆಗೆ ಸರ್ಕಾರವನ್ನು ಇನ್ನೂ ಒಂದು ಮಾತು ಕೇಳೋಣ. ಸ್ವಾಮಿ, ಈ ಮಾತ್ರೆ ಕರಗುತ್ತಾ? ಎಷ್ಟು ಬ್ಯಾಚು ಪರೀಕ್ಷೆ ಮಾಡಿಸಿದ್ದೀರಿ? ಅಗ್ಗದ ಔಷಧ ಬಡವನ ಹಕ್ಕು. ಅದು ಕರಗಬೇಕು ಅನ್ನೋದೂ ಅವನ ಹಕ್ಕೇ.