ವೀವರ್ ಎಂಬ ಡ್ರೈವರು

ಕಾರ್ಯಕ್ರಮ ಎರಡು ನಿಮಿಷ ಮೊದಲೇ ಮುಗಿದುಬಿಟ್ಟರೆ ರೇಡಿಯೋದವರು ಏನು ಮಾಡುತ್ತಾರೆ ಅಂತ ನಿಮಗೆ ಗೊತ್ತು. ಹವಾಯಿಯನ್ ಗಿಟಾರಿನಲ್ಲಿ ನುಡಿಸಿದ ಯಾವುದೋ ಹಳೆಯ ಸಿನಿಮಾ ಹಾಡಿನ ಟ್ಯೂನು ಹಾಕುತ್ತಾರೆ. ವಾರ್ತೆಯ ಹೊತ್ತಾಯಿತೋ, ಅದು ಎಲ್ಲಿದ್ದರೆ ಅಲ್ಲಿಗೇ ನಿಲ್ಲುತ್ತದೆ. ನುಡಿಸಿದವರು ಯಾರು ಅಂತ ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಮೊನ್ನೆ ಹಾಗೆ ಒಂದು ಟ್ಯೂನು ಚರಣದ ನಡುವೆಯೇ ನಿಂತಾಗ ನನಗೆ ಸಿಲ್ವೆಸ್ಟರ್ ವೀವರ್ ನೆನಪಾದ.

ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್‌ನವನು. ಅಲ್ಲಿ ಸ್ಮೋಕ್‌ಟೌನ್ ಅಂತ ಕಪ್ಪು ಜನರ ಕೇರಿ, ಆ ಕೇರಿಯ ಹುಡುಗ. ಗಿಟಾರಿನ ತಂತಿಯನ್ನು ಬೆರಳಿನಿಂದ ಒತ್ತುವ ಬದಲು ಮೇಲೆ ಚಾಕು, ಬಾಟಲಿಯ ಕತ್ತು, ಉಕ್ಕಿನ ತುಂಡು, ಯಾವುದಾದರೂ ಒಂದನ್ನು ಜಾರಿಸಿ ನುಡಿಸುವ ಪದ್ಧತಿಯೊಂದಿದೆ. ಹವಾಯಿ ದ್ವೀಪದವರು ಅದನ್ನು ಊರೂರಿಗೆ ಕೊಂಡೊಯ್ದರು. ದಕ್ಷಿಣದ ಕಪ್ಪು ಗಾಯಕರ ಕೈಯಲ್ಲೂ ಅದು ಇತ್ತು. 1903ರ ಸುಮಾರಿಗೆ ಮಿಸಿಸಿಪಿಯ ಟಟ್‌ವೈಲರ್ ರೈಲು ನಿಲ್ದಾಣದಲ್ಲಿ ಒಬ್ಬ ಬಡಪಾಯಿ ತಂತಿಗೆ ಚಾಕು ಒತ್ತಿ ನುಡಿಸುತ್ತಿದ್ದದ್ದನ್ನು ಸಂಗೀತಗಾರ ಡಬ್ಲ್ಯು. ಸಿ. ಹ್ಯಾಂಡಿ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆ ಬಡಪಾಯಿಯ ಹೆಸರೂ ದಾಖಲಾಗಲಿಲ್ಲ ಅನ್ನಿ. ಗೋಟುವಾದ್ಯ ಕೇಳಿದವರಿಗೆ ಈ ನಾದದ ಸುಖ ಬಿಡಿಸಿ ಹೇಳಬೇಕಾಗಿಲ್ಲ. ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯೆಲ್ಲ ಕಿವಿಗೆ ಬೀಳುತ್ತದೆ.

1923ರ ಅಕ್ಟೋಬರಿನಲ್ಲಿ ವೀವರ್ ನ್ಯೂಯಾರ್ಕಿನ ಓಕೆ ರೆಕಾರ್ಡ್ ಕಂಪನಿಗಾಗಿ ತನ್ನದೇ ಊರಿನ ಗಾಯಕಿ ಸಾರಾ ಮಾರ್ಟಿನ್‌ಗೆ ಸಾಥ್ ಕೊಟ್ಟ. ಅಲ್ಲಿಯವರೆಗೆ ಬ್ಲೂಸ್ ಎಂಬ ಕಪ್ಪು ಜನರ ಹಾಡು ಹಾಡುವ ಹೆಂಗಸರಿಗೆ ಪಿಯಾನೋನೋ ಬ್ಯಾಂಡೋ ಬೇಕಿತ್ತು. ಬರೀ ಗಿಟಾರಿಗೆ ಹಾಡಿದ್ದು ಹೊಸದು. ಮುಂದಿನ ವಾರ, ನವೆಂಬರ್ 2ರಂದು, ಅವನೊಬ್ಬನನ್ನೇ ಕೂರಿಸಿ ಎರಡು ಟ್ಯೂನು ರೆಕಾರ್ಡ್ ಮಾಡಿದರು: ‘ಗಿಟಾರ್ ಬ್ಲೂಸ್’, ‘ಗಿಟಾರ್ ರ‍್ಯಾಗ್’. ಬ್ಲೂಸಿನ ಜಾರು ಗಿಟಾರು ತಟ್ಟೆಗೆ ಇಳಿದದ್ದು ಅದೇ ಮೊದಲು ಎನ್ನುತ್ತಾರೆ.

ರೆಕಾರ್ಡಿಂಗಿಗೆ ಆಗಿನ್ನೂ ಮೈಕು ಬಂದಿರಲಿಲ್ಲ. ದೊಡ್ಡ ಕಹಳೆಯಂಥ ಕೊಳವೆಯ ಬಾಯಿಗೆ ನುಡಿಸಬೇಕು. ದನಿ ತನ್ನ ಬಲದಿಂದಲೇ ಮುಳ್ಳನ್ನು ಅಲುಗಾಡಿಸಿ ಮೇಣದಲ್ಲಿ ಗೆರೆ ಕೊರೆಯಬೇಕು. ಕಹಳೆಯಂಥ ಜೋರು ದನಿಯ ವಾದ್ಯಗಳಿಗೆ ಅದು ಸುಲಭ. ಗಿಟಾರಿನದು ತೆಳು ದನಿ. ಆ ರೆಕಾರ್ಡು ಕೇಳಿದರೆ ಮೊದಲು ಬರುವುದು ಬಾಣಲೆಯಲ್ಲಿ ಏನೋ ಹುರಿಯುತ್ತಿರುವಂಥ ಸದ್ದು. ಅದರಾಚೆ, ಹೆಬ್ಬೆರಳು ಮಂದ್ರದ ತಂತಿಯಲ್ಲಿ ತಪ್ಪದೆ ತಾಳ ಹಾಕುತ್ತಿದೆ. ಮೇಲಿನ ತಂತಿಗಳಲ್ಲಿ ರಾಗ ನಕ್ಕು ಜಾರುತ್ತಿದೆ. ಬ್ಲೂಸ್ ಎಂದರೆ ಬರೀ ಅಳು ಅಂದುಕೊಂಡವರು ಇದನ್ನು ಕೇಳಬೇಕು.

1927ರಲ್ಲಿ ವೀವರ್ ‘ಗಿಟಾರ್ ರ‍್ಯಾಗ್’ ಅನ್ನೇ ಮತ್ತೊಮ್ಮೆ ರೆಕಾರ್ಡ್ ಮಾಡಿದ. ಅದೇ ವರ್ಷ ತನ್ನೂರಿನ ಹೆಲೆನ್ ಹ್ಯೂಮ್ಸ್ ಎಂಬ ಸಣ್ಣ ಹುಡುಗಿಯನ್ನು ಕಂಪನಿಗೆ ಪರಿಚಯಿಸಿದ. ಆಕೆ ಮುಂದೆ ಕೌಂಟ್ ಬೇಸಿಯ ಜಾಝ್ ತಂಡದಲ್ಲಿ ಹಾಡಿ ಹೆಸರಾದಳು. ವೀವರ್ ಮಾತ್ರ ಅಲ್ಲಿಗೇ ರೆಕಾರ್ಡಿಂಗ್ ನಿಲ್ಲಿಸಿ ಊರಿಗೆ ವಾಪಸಾದ. ಅನುಕೂಲಸ್ಥ ಮನೆಯೊಂದರಲ್ಲಿ ಕಾರು ಓಡಿಸುವ ಕೆಲಸ ಹಿಡಿದ. 1960ರಲ್ಲಿ ತೀರಿಕೊಂಡ. ಗೋರಿಯ ಮೇಲೆ ಒಂದು ಕಲ್ಲೂ ಇರಲಿಲ್ಲ.

ಟ್ಯೂನು ಸುಮ್ಮನಿರಲಿಲ್ಲ. 1930ರಲ್ಲಿ ರಾಯ್ ಹಾರ್ವಿ, ಜೆಸ್ ಜಾನ್‌ಸನ್ ಎಂಬ ಬಿಳಿಯ ವಾದಕರಿಬ್ಬರು ಅದನ್ನು ನುಡಿಸಿದರು. 1936ರಲ್ಲಿ ಬಾಬ್ ವಿಲ್ಸ್‌ನ ತಂಡದಲ್ಲಿದ್ದ ಲಿಯಾನ್ ಮೆಕಾಲಿಫ್ ಎಂಬ ಹತ್ತೊಂಬತ್ತರ ಹುಡುಗ ಎಲೆಕ್ಟ್ರಿಕ್ ಸ್ಟೀಲ್ ಗಿಟಾರಿನಲ್ಲಿ ‘ಸ್ಟೀಲ್ ಗಿಟಾರ್ ರ‍್ಯಾಗ್’ ನುಡಿಸಿದ. ಅದು ಎಷ್ಟು ಹಬ್ಬಿತೆಂದರೆ, ಅಮೆರಿಕದ ಕಂಟ್ರಿ ಸಂಗೀತದಲ್ಲಿ ಸ್ಟೀಲ್ ಗಿಟಾರು ಕಲಿಯುವವರು ಅದನ್ನು ಕಲಿಯದೆ ಮುಂದೆ ಹೋಗುವಂತಿಲ್ಲ. ಕರ್ತೃ ಎಂದು ಬಂದದ್ದು ಮೆಕಾಲಿಫ್ ಹೆಸರು. ಕದ್ದರು ಅನ್ನಬಹುದು. ಆದರೆ ಟ್ಯೂನು ಕೈಯಿಂದ ಕೈಗೆ ದಾಟುವಾಗ ಹೆಸರು ಕೇಳಿಕೊಂಡು ದಾಟುವ ಕಾಲ ಅದಾಗಿರಲಿಲ್ಲ. ಹಾಗಂತ ಲೆಕ್ಕ ಚುಕ್ತಾ ಆಗಿಬಿಡುವುದೂ ಇಲ್ಲ.

ವೀವರ್ ಬಗ್ಗೆ ಮಾತು ಬಂದಾಗಲೆಲ್ಲ ಕೊನೆಗೆ ‘ಪಾಪ, ಡ್ರೈವರಾಗಿಬಿಟ್ಟ’ ಎಂಬ ಉದ್ಗಾರ ಬರುತ್ತದೆ. ನನಗೇಕೋ ಆ ‘ಪಾಪ’ ಒಪ್ಪಿಗೆಯಿಲ್ಲ. ಅವನು ನಿಲ್ಲಿಸಿದ ಎರಡೇ ವರ್ಷಕ್ಕೆ, 1929ರಲ್ಲಿ, ಷೇರುಪೇಟೆ ಕುಸಿಯಿತು. ರೆಕಾರ್ಡ್ ವ್ಯಾಪಾರ ನೆಲಕಚ್ಚಿತು. ಎಷ್ಟೋ ಬ್ಲೂಸ್ ಕಲಾವಿದರಿಗೆ ಕೂಲಿ ಸಿಗುವುದೂ ಕಷ್ಟವಾಯಿತು. ತಿಂಗಳ ಸಂಬಳದ ಕೆಲಸ ಕೈಯಲ್ಲಿದ್ದವನನ್ನು ನಾವು ಸೋತವನು ಅನ್ನುವುದು, ಸಂಬಳದ ಚಿಂತೆಯಿಲ್ಲದವರ ಮಾತು.

ಹಾಗಾದರೆ ಅವನು ಎಲ್ಲ ಮರೆತು ನೆಮ್ಮದಿಯಾಗಿದ್ದನೆ? ಅದನ್ನೂ ಅನ್ನಲಾರೆ. ತನ್ನ ಸಂಗೀತಕ್ಕೆ ಸಂಬಂಧಿಸಿದ ಪತ್ರಿಕೆಯ ತುಣುಕುಗಳನ್ನು ಅಂಟಿಸಿಟ್ಟ ಪುಸ್ತಕವೊಂದು ಅವನ ಹತ್ತಿರ ಇತ್ತು. ಅವನ ಕಾಲದ ನಂತರ ಅದು ಸಂಗೀತ ಬಲ್ಲವರ ಕೈಗೆ ಸಿಕ್ಕಿತು. ಕತ್ತರಿ, ಅಂಟು ಹಿಡಿದು ಕೂತವನು ಬಿಟ್ಟುಕೊಟ್ಟವನಲ್ಲ. ಸ್ಟಿಯರಿಂಗ್ ಹಿಡಿದವನು ಕೊರಗುತ್ತಲೇ ಇದ್ದವನೂ ಅಲ್ಲದಿರಬಹುದು.

1992ರಲ್ಲಿ ಅಲ್ಲಿನ ಕೆಂಟಕಿಯಾನಾ ಬ್ಲೂಸ್ ಸೊಸೈಟಿಯವರು ಅವನ ಗೋರಿಗೆ ಹೆಸರು ಕೆತ್ತಿದ ಕಲ್ಲು ನಿಲ್ಲಿಸಿದರು. ವೀವರ್‌ನ ‘ಗಿಟಾರ್ ರ‍್ಯಾಗ್’, ಮೆಕಾಲಿಫ್‌ನ ‘ಸ್ಟೀಲ್ ಗಿಟಾರ್ ರ‍್ಯಾಗ್’, ಎರಡೂ ಈಗ ಮೊಬೈಲಿನಲ್ಲೇ ಸಿಗುತ್ತವೆ. ಬಿಡುವಾದಾಗ ಕೇಳಿ. 1936ರದ್ದು ಹೆಚ್ಚು ಸ್ಪಷ್ಟ, ಹೆಚ್ಚು ಝಗಮಗ. ಆದರೂ 1923ರದ್ದನ್ನು ಮೊದಲು ಕೇಳಿ.