ನಾಯಿ ಬಡಕಲಾಗಿದೆಯೇ? ಮೊದಲು ಕಾರಣ ಹುಡುಕಿ

(ಹಾಲು ಉತ್ಪಾದಕ ಸದಸ್ಯರ ಸಭೆಯೊಂದರಲ್ಲಿ ಪಶುವೈದ್ಯರು ಮಾಡಿದ ಭಾಷಣದ ಪಾಠ)



ಹಸು, ಎಮ್ಮೆ ಬಿಟ್ಟು ಇವತ್ತು ನಾಯಿಯ ವಿಷಯ ಯಾಕೆ ಎಂದು ನೀವು ಕೇಳಬಹುದು. ಕೆಚ್ಚಲು ಬಾವಿಗೆ ಔಷಧ ಕೇಳಲು ಬಂದವರೇ ಹೊರಡುವಾಗ ಬಾಗಿಲಲ್ಲಿ ನಿಂತು, "ಸಾರ್, ಮನೇಲಿ ಒಂದು ಪುಟ್ಟ ಪಾಮೇರಿಯನ್ ನಾಯಿ ಇದೆ. ಎಷ್ಟು ಹಾಕಿದರೂ ಮೈ ಹತ್ತುತ್ತಿಲ್ಲ" ಎನ್ನುತ್ತಾರೆ. ಏನು ಹಾಕುತ್ತೀರಿ ಎಂದರೆ, "ಹಾಲಿಗೇನು ಬರ ಸಾರ್? ಎರಡು ಹೊತ್ತೂ ಬಟ್ಟಲು ತುಂಬ ಹಾಲು" ಎಂಬ ಉತ್ತರ. ತಪ್ಪು ಅಲ್ಲೇ ಇದೆ.

ಹಾಲಿನ ಕೊಬ್ಬು, ಎಸ್.ಎನ್.ಎಫ್. ನಿಮಗೆ ಚೆನ್ನಾಗಿ ಗೊತ್ತು. ಆ ಎಸ್.ಎನ್.ಎಫ್.ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಲ್ಯಾಕ್ಟೋಸ್ ಎಂಬ ಸಕ್ಕರೆ. ಮರಿ ತಾಯಿಹಾಲು ಬಿಟ್ಟ ಮೇಲೆ ಈ ಸಕ್ಕರೆಯನ್ನು ಅರಗಿಸುವ ಶಕ್ತಿ ನಾಯಿಯ ಕರುಳಿನಲ್ಲಿ ಕಡಿಮೆಯಾಗುತ್ತಾ ಹೋಗುತ್ತದೆ. ಅರಗದ ಹಾಲು ಭೇದಿಯಾಗಿ ಹೊರಗೆ ಹೋಗುತ್ತದೆ. ನಾಯಿ ಇನ್ನಷ್ಟು ಸೊರಗುತ್ತದೆ, ನಾವು ಇನ್ನಷ್ಟು ಹಾಲು ಹುಯ್ಯುತ್ತೇವೆ. ಮೊಸರಿನಲ್ಲಿ ಈ ಸಕ್ಕರೆ ಸ್ವಲ್ಪ ಕಡಿಮೆ. ಆದ್ದರಿಂದ ಒಂದೆರಡು ಚಮಚ ಮೊಸರು ಹೆಚ್ಚಿನ ನಾಯಿಗಳಿಗೆ ಒಗ್ಗುತ್ತದೆ.

ನಾಯಿ ನಿಜವಾಗಿ ಬಡಕಲೇ ಎಂದು ತಿಳಿಯುವುದು ಹೇಗೆ? ಪಾಮೇರಿಯನ್ ಮೈತುಂಬ ಕೂದಲು. ಕಣ್ಣಿಗೆ ದುಂಡಗೆ ಕಂಡರೂ ಒಳಗೆ ಬರೀ ಮೂಳೆ ಇರಬಹುದು. ಆದ್ದರಿಂದ ಕೈಯಿಂದ ಮುಟ್ಟಿ ನೋಡಿ. ನಿಮ್ಮ ಮುಷ್ಟಿ ಕಟ್ಟಿ ಗೆಣ್ಣಿನ ಮೇಲೆ ಬೆರಳಾಡಿಸಿ. ನಾಯಿಯ ಪಕ್ಕೆಲುಬು ಹಾಗೆ ಚುಚ್ಚಿದರೆ ತೂಕ ಸಾಲದು. ಬಿಡಿಸಿದ ಕೈಯ ಹಿಂಭಾಗದಂತೆ ಇದ್ದರೆ ಸರಿಯಾಗಿದೆ. ಅಂಗೈಯಂತೆ ಮೆತ್ತಗಿದ್ದರೆ ಬೊಜ್ಜು ಬಂದಿದೆ.

ಸೊರಗಿದ್ದರೆ ಊಟ ಹೆಚ್ಚಿಸುವ ಮೊದಲು ಕಾರಣ ಹುಡುಕಬೇಕು. ಮೊದಲನೆಯದು ಜಂತುಹುಳು. ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡಿರುತ್ತದೆ. ದುಂಡುಹುಳು ತಾಯಿಯ ಗರ್ಭದಲ್ಲೇ ಮರಿಗೆ ಬರುತ್ತದೆ. ಅದಕ್ಕೆ ಮರಿಗೆ ಎರಡು ವಾರವಾದಾಗಿನಿಂದಲೇ ಜಂತಿನ ಔಷಧ ಶುರುಮಾಡಬೇಕು. ದೊಡ್ಡ ನಾಯಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಕೊಡಬೇಕು. ಎರಡನೆಯದು ಉಣ್ಣೆ. ಉಣ್ಣೆ ಕಚ್ಚಿದ ನಾಯಿಗೆ ಜ್ವರ ಬಂದು, ರಕ್ತ ಕಡಿಮೆಯಾಗಿ ಮೈ ಇಳಿಯುತ್ತದೆ. ಮೂರನೆಯದು ಹಲ್ಲು. ಸಣ್ಣ ಜಾತಿಯ ನಾಯಿಗಳಿಗೆ ಹಲ್ಲಿನ ಕಿಟ್ಟ, ಒಸಡಿನ ನೋವು ಹೆಚ್ಚು. ಹಸಿವಿದ್ದರೂ ಅಗಿಯಲಾರವು.

ಒಂದು ಎಚ್ಚರಿಕೆ. ನಾಯಿ ನುಂಗಲಾರದೆ ಜೊಲ್ಲು ಸುರಿಸುತ್ತಿದ್ದರೆ, ಸ್ವಭಾವ ಇದ್ದಕ್ಕಿದ್ದಂತೆ ಬದಲಾಗಿದ್ದರೆ, ಮೂಳೆ ಸಿಕ್ಕಿರಬಹುದೆಂದು ಬಾಯಿಗೆ ಕೈ ಹಾಕಬೇಡಿ. ಅದು ಹುಚ್ಚುರೋಗವಿರಬಹುದು. ಮುಟ್ಟದೆ ವೈದ್ಯರನ್ನು ಕರೆಯಿರಿ. ಕಚ್ಚಿದ್ದರೆ, ಜೊಲ್ಲು ಗಾಯಕ್ಕೆ ತಗುಲಿದ್ದರೆ, ಸೋಪು ನೀರಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ.

ಇನ್ನು ದನಕ್ಕೆಂದು ತಂದ ಜಂತಿನ ಔಷಧ, ಉಣ್ಣೆಯ ಔಷಧ, ಖನಿಜ ಮಿಶ್ರಣ ಇವುಗಳನ್ನು ಅಂದಾಜಿನ ಮೇಲೆ ನಾಯಿಗೆ ಕೊಡಬೇಡಿ. 400 ಕಿಲೋ ಹಸುವಿನ ಔಷಧದಲ್ಲಿ 4 ಕಿಲೋ ನಾಯಿಗೆ ಒಂದು ಹನಿ ಹೆಚ್ಚಾದರೂ ಅಪಾಯ.

ಕಾರಣಕ್ಕೆ ಚಿಕಿತ್ಸೆಯಾದ ಮೇಲೆ ಊಟದ ಮಾತು. 5 ಕಿಲೋ ತೂಗಬೇಕಾದ ದೊಡ್ಡ ನಾಯಿಗೆ ದಿನಕ್ಕೆ ಸುಮಾರು 350ರಿಂದ 400 ಕ್ಯಾಲೊರಿ ಬೇಕು. 40 ಗ್ರಾಂ ಅಕ್ಕಿಯ ಮೆತ್ತನೆ ಅನ್ನ ಅಥವಾ ಅಷ್ಟೇ ರಾಗಿಹಿಟ್ಟಿನ ಮುದ್ದೆ, ಒಂದು ಬೇಯಿಸಿದ ಮೊಟ್ಟೆ, 80 ಗ್ರಾಂ ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸ, ಒಂದು ಸಣ್ಣ ಚಮಚ ಎಣ್ಣೆ ಸೇರಿದರೆ ಸರಿಸುಮಾರು ಅಷ್ಟಾಗುತ್ತದೆ. ಬರೀ ಮುದ್ದೆ ಸಾರಿನಲ್ಲಿ ಹೊಟ್ಟೆ ತುಂಬುತ್ತದೆ, ಮಾಂಸಖಂಡ ಬೆಳೆಯುವುದಿಲ್ಲ. ಮಾಂಸ ತಾರದ ಮನೆಯವರು ಚೆನ್ನಾಗಿ ಬೆಂದ ಬೇಳೆ, ಪನೀರು, ಮೊಸರು ಬಳಸಬಹುದು. ಮನೆಯೂಟದಲ್ಲಿ ಸುಣ್ಣದಂಶ ಕಡಿಮೆ ಬೀಳುವುದರಿಂದ ತಿಂಗಳುಗಟ್ಟಲೆ ಇದನ್ನೇ ಹಾಕುವವರು ವೈದ್ಯರನ್ನು ಕೇಳಿ ಅದನ್ನು ಸರಿದೂಗಿಸಿ.

ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತಕಣ ಒಡೆಯುತ್ತವೆ. ಆದ್ದರಿಂದ ನಮ್ಮ ಸಾಂಬಾರು ಅದಕ್ಕೆ ಬೇಡ. ದ್ರಾಕ್ಷಿ, ಒಣದ್ರಾಕ್ಷಿ, ಚಾಕಲೇಟ್ ಸಹ ವಿಷ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಕುರಿ ಕೊಯ್ದಾಗ ಹಸಿ ಶ್ವಾಸಕೋಶ, ಈಲಿ ನಾಯಿಗೆ ಎಸೆಯಲೇಬೇಡಿ. ಅದರಲ್ಲಿ ನೀರುಗುಳ್ಳೆಗಳಿದ್ದರೆ ನಾಯಿಯ ಹೊಟ್ಟೆಯಲ್ಲಿ ಲಾಡಿಹುಳುವಾಗುತ್ತದೆ. ಅದರ ಮೊಟ್ಟೆ ಮಲದ ಮೂಲಕ ಮೇವಿಗೆ, ನಮ್ಮ ಮಕ್ಕಳ ಕೈಗೆ ಬಂದು ಮನುಷ್ಯರ ಈಲಿಯಲ್ಲೂ ಗುಳ್ಳೆ ಬೆಳೆಸುತ್ತದೆ.

ಒಮ್ಮೆಗೇ ತುಂಬ ಹಾಕಬೇಡಿ. ಹಸುವಿಗೆ ದಿಢೀರನೆ ಹಿಂಡಿ ಹೆಚ್ಚಿಸಿದರೆ ಹೊಟ್ಟೆ ಕೆಡುವುದನ್ನು ನೀವೇ ಕಂಡಿದ್ದೀರಿ. ಹೊಸ ಊಟವನ್ನು ಒಂದು ವಾರದಲ್ಲಿ ಹಂತ ಹಂತವಾಗಿ ರೂಢಿ ಮಾಡಿಸಿ. ದಿನದ ಪಾಲನ್ನು ಮೂರು ನಾಲ್ಕು ಹೊತ್ತಿಗೆ ಹಂಚಿ. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ಬುಟ್ಟಿಯಲ್ಲಿ ಕೂರಿಸಿ ತೂಗಿ ಬರೆದಿಡಿ. 4 ಕಿಲೋ ನಾಯಿ ವಾರಕ್ಕೆ 40ರಿಂದ 80 ಗ್ರಾಂ ಏರಿದರೆ ಸಾಕು. ಮೂರು ವಾರವಾದರೂ ಏರದಿದ್ದರೆ ಬಟ್ಟಲು ದೊಡ್ಡದು ಮಾಡಬೇಡಿ, ನಾಯಿಯನ್ನು ಆಸ್ಪತ್ರೆಗೆ ತನ್ನಿ. ಬರುವಾಗ ಸ್ವಲ್ಪ ಮಲವನ್ನೂ ಡಬ್ಬಿಯಲ್ಲಿ ತಂದರೆ ಪರೀಕ್ಷೆಗೆ ಅನುಕೂಲ.

ಬಂಧುಗಳೇ, ಹಸು ಹಾಲು ಇಳಿಸಿದರೆ ಅಂದೇ ಕಾರಣ ಕೇಳುತ್ತೀರಿ, ಏಕೆಂದರೆ ಲೆಕ್ಕದ ಪುಸ್ತಕದಲ್ಲಿ ಅದು ಕಾಣುತ್ತದೆ. ನಾಯಿ ಮೈ ಇಳಿಸುವುದು ಯಾವ ಪುಸ್ತಕದಲ್ಲೂ ಕಾಣುವುದಿಲ್ಲ. ಇವತ್ತು ಮನೆಗೆ ಹೋದವರೇ ಅದರ ಪಕ್ಕೆಯ ಮೇಲೊಮ್ಮೆ ಕೈಯಾಡಿಸಿ ನೋಡಿ.